ನಮ್ಮ ಬೇಸ್‌ಬಾಲ್ ತಂಡದ ಒಂದು ಪುಟದ ಇತಿಹಾಸ

ಆಟ ಆಡಿದರೆ ಆರೋಗ್ಯ ಎಂದು ಎಲ್ಲರೂ ಹೇಳುತ್ತಾರೆ. ನನಗೆ ಬಿ.ಪಿ. ಶುರುವಾದದ್ದೇ ಆಟದಿಂದ. ಬಸವಕಲ್ಯಾಣದ ಒಂದು ಡಿಗ್ರಿ ಕಾಲೇಜಿನಲ್ಲಿ ನಾನು ದೈಹಿಕ ಶಿಕ್ಷಣದ ಮೇಷ್ಟ್ರು. ಹನ್ನೆರಡು ವರ್ಷಗಳಿಂದ ವಿಶ್ವವಿದ್ಯಾಲಯದ ಮಹಿಳಾ ಬೇಸ್‌ಬಾಲ್ ತಂಡ ನನ್ನ ಕೊರಳಿಗೆ ಬಿದ್ದಿದೆ. ಈ ತಂಡದಲ್ಲಿ ಒಂದು ಅನಾಹುತದ ಹಸಿ ಆರುವುದರೊಳಗೆ ಇನ್ನೊಂದು ಬಂದು ನಿಲ್ಲುತ್ತದೆ. ಮೊದಮೊದಲು ಸಿಟ್ಟು ಬರುತ್ತಿತ್ತು. ಈಗಲೂ ಬರುತ್ತದೆ, ಆದರೆ ಯಾರ ಮೇಲೆ ಮಾಡಿಕೊಳ್ಳಬೇಕು ಎನ್ನುವುದು ತಿಳಿಯುವುದಿಲ್ಲ.

ಹೋದ ವರ್ಷ ವಿಶ್ವವಿದ್ಯಾಲಯದಿಂದ ಒಂದು ಕಾಗದ ಬಂತು. ತಂಡದ ಇತಿಹಾಸವನ್ನು ಸಾಧನೆಗಳ ಸಮೇತ ಒಂದು ಪುಟದಲ್ಲಿ ಬರೆದು ಕಳಿಸಬೇಕು. ಈ ವರ್ಷದ ಕೊನೆಗೂ ಒಂದೇ ಒಂದು ಗೆಲುವು ಇಲ್ಲದ ಆಟಗಳನ್ನು ಪಟ್ಟಿಯಿಂದ ತೆಗೆದು ಹಾಕಲಾಗುವುದು. ಓದಿದ ಕೂಡಲೇ ನನಗೆ ಆದದ್ದು ಸಂತೋಷ, ಸುಳ್ಳು ಯಾಕೆ ಹೇಳಲಿ. ಹನ್ನೊಂದು ವರ್ಷದಲ್ಲಿ ನಾವು ಒಂದು ಪಂದ್ಯವನ್ನೂ ಗೆದ್ದಿರಲಿಲ್ಲ. ಹಾಳಾದ ಆಟ ತೊಲಗಿದರೆ ಸಾಕು, ಸಂಜೆ ಮನೆಗೆ ಹೋಗಿ ಕಾಲು ಚಾಚಿ ಕೂರಬಹುದು ಎಂದುಕೊಂಡೆ.

ಅಷ್ಟರಲ್ಲಿ ತಂಡದಲ್ಲಿ ಚೆಂಡು ಎಸೆಯುವ ಮುಡಬಿಯ ಹುಡುಗಿ ಬಾಗಿಲಲ್ಲಿ ನಿಂತಿದ್ದಳು. ಕೊನೆಯ ವರ್ಷದವಳು. ಕುರಿ ಕಾಯುವ ಮನೆತನ.

"ಸರ್, ಆಟ ತಗದ್ ಹಾಕ್ತಾರಂತಲ್ರಿ?"

"ಹಾಕ್ಲಿ ಬಿಡವಾ. ನಿಂಗೇನು?"

"ಹಂಗಂದ್ರ ಹ್ಯಾಂಗ್ರಿ? ವಿಶ್ವವಿದ್ಯಾಲಯಕ್ಕ ಆಡಿದ ಸರ್ಟಿಫಿಕೇಟ್ ಇದ್ರನ ನಂಗ ಬಿ.ಪಿ.ಎಡ್. ಸೀಟು ಸಿಗ್ತದ. ಪಟ್ಟಿದಾಗ ಇಲ್ಲದ ಆಟದ ಕಾಗದ ಯಾರ್ ನೋಡ್ತಾರ್ರಿ? ನಾನೂ ನಿಮ್ಮಂಗ ಆಗಬೇಕಂತ ಮಾಡೇನ್ರಿ."

ಜಗತ್ತಿನಲ್ಲಿ ನನ್ನನ್ನು ನೋಡಿ ನನ್ನ ಹಾಗೆ ಆಗಬೇಕು ಎಂದುಕೊಂಡ ಜೀವ ಅದೊಂದೇ. ನನ್ನ ಸ್ವಂತ ಮಗನೇ ನನ್ನನ್ನು ನೋಡಿ ಬ್ಯಾಂಕು ಪರೀಕ್ಷೆಗೆ ಓದುತ್ತಿದ್ದಾನೆ. ಆಯ್ತು, ಒಂದು ಪಂದ್ಯ ಗೆಲ್ಲೋಣ ಎಂದುಬಿಟ್ಟೆ. ಹೇಳಿದ ಮೇಲೆ ಕುರ್ಚಿಯಲ್ಲಿ ಕೂತು, ಇತಿಹಾಸದ ಆ ಒಂದು ಪುಟ ಬರೆಯಲು ತೆಗೆದುಕೊಂಡೆ. ಒಂದು ಸಾಲೂ ಬರೆಯಲಾಗಲಿಲ್ಲ. ನೆನಪಿಗೆ ಬಂದದ್ದೆಲ್ಲ ಕಳಿಸುವಂಥದ್ದಾಗಿರಲಿಲ್ಲ.

೧. ತಡವಾಗಿ ಬಂದವನ ಪಾಲು

ಹನ್ನೆರಡು ವರ್ಷದ ಹಿಂದೆ ಯಾವ ಆಟದ ತಂಡವನ್ನು ಯಾವ ಕಾಲೇಜು ನೋಡಿಕೊಳ್ಳಬೇಕು ಎಂದು ಹಂಚಲು ಒಂದು ಸಭೆ ಕರೆದಿದ್ದರು. ನಾನು ಬೆಳಿಗ್ಗೆ ಮೊದಲ ಬಸ್ಸಿಗೇ ಹೊರಟೆ. ಬಸ್ಸು ಹುಮನಾಬಾದ್ ಸ್ಟ್ಯಾಂಡಿನಲ್ಲಿ ನಿಂತಿತು. ಕಂಡಕ್ಟರ್ "ಐದ್ ಮಿನಿಟ್ರಿ" ಎಂದು ಇಳಿದು ಹೋದ. ಬಂದದ್ದು ಮುಕ್ಕಾಲು ಗಂಟೆಯ ಮೇಲೆ, ಬಾಯಲ್ಲಿ ಪಾನು.

"ಏನಪಾ, ಐದು ಮಿನಿಟ್ ಅಂದಿ?" ಎಂದು ಕೇಳಿದೆ.

"ನೀವೂ ಇಳದ್ ನಾಷ್ಟಾ ಮಾಡಬೇಕಿತ್ತಲ್ರಿ ಸರ್. ನಾ ಏನ್ ಬ್ಯಾಡ ಅಂದಿದ್ನೇನು?" ಎಂದು ನನ್ನನ್ನೇ ಬೈದ.

ನಾನು ಸಭೆ ಮುಟ್ಟುವಾಗ ಎಲ್ಲರೂ ಚಹಾದ ಕಪ್ಪು ಕೆಳಗಿಡುತ್ತಿದ್ದರು. ಅಧ್ಯಕ್ಷರು ಬಹಳ ಪ್ರೀತಿಯಿಂದ ಕರೆದರು. ಆ ಪ್ರೀತಿ ನೋಡಿಯೇ ನಾನು ಹುಷಾರಾಗಬೇಕಿತ್ತು.

"ಬರ್ರಿ, ಬರ್ರಿ. ಕಬಡ್ಡಿ ಹೋಯ್ತು, ಖೋ ಖೋ ಹೋಯ್ತು, ವಾಲಿಬಾಲ್‌ಗಂತೂ ಜಗಳನ ಆಯ್ತು. ನಿಮಗಂತ ಒಂದು ಉಳಿಸೀವಿ. ಬೇಸ್‌ಬಾಲ್, ಹೆಣ್ಮಕ್ಕಳದು."

"ಸರ್, ಆ ಆಟ ನಂಗ ಗೊತ್ತಿಲ್ರಿ."

"ಇಲ್ಲಿ ಯಾರಿಗಿ ಗೊತ್ತದ್ರಿ? ಗೊತ್ತಿದ್ರ ಉಳೀತಿತ್ತೇನು?"

೨. ಬರೀ ಎಡಗೈ

ಬೇರೆ ಕಾಲೇಜುಗಳು ಒಬ್ಬ ಹುಡುಗಿಯನ್ನೂ ಕಳಿಸಲಿಲ್ಲ. ನಮ್ಮ ಕಾಲೇಜಿಗೇ ಬರುವ ಬಸವಕಲ್ಯಾಣದ ಆರು, ಹುಮನಾಬಾದಿನ ಆರು, ಒಟ್ಟು ಹನ್ನೆರಡು ಹುಡುಗಿಯರನ್ನು ಸೇರಿಸಿ ಅದಕ್ಕೇ ವಿಶ್ವವಿದ್ಯಾಲಯದ ತಂಡ ಎಂದು ಹೆಸರಿಟ್ಟೆ. ಆಟವನ್ನು ಮೊಬೈಲಿನಲ್ಲಿ ನೋಡಿ ನಾನು ಕಲಿತೆ, ನನ್ನನ್ನು ನೋಡಿ ಅವರು ಕಲಿತರು. ಕುರುಡನ ಕೈ ಹಿಡಿದು ಕುರುಡರು ನಡೆದ ಹಾಗಾಯಿತು.

ಬೇಸ್‌ಬಾಲಿನಲ್ಲಿ ಚೆಂಡು ಹಿಡಿಯಲು ಎಡಗೈಗೆ ಒಂದು ದೊಡ್ಡ ಚರ್ಮದ ಗ್ಲೌಸು ಹಾಕಿಕೊಳ್ಳುತ್ತಾರೆ. ಬಲಗೈ ಎಸೆಯಲಿಕ್ಕೆ ಖಾಲಿ ಇರಬೇಕು. ಹಾಗಾಗಿ ಹನ್ನೆರಡು ಎಡಗೈ ಗ್ಲೌಸು ತರಿಸಿದೆ. ಆಗಿನ ನಮ್ಮ ಪ್ರಿನ್ಸಿಪಾಲರು ಪೆಟ್ಟಿಗೆ ಬಿಚ್ಚಿಸಿ ಒಂದೊಂದನ್ನೇ ಮೇಜಿನ ಮೇಲೆ ಸಾಲಾಗಿ ಇಡಿಸಿದರು. ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಕನ್ನಡಕ ತೆಗೆದು ನನ್ನ ಮುಖ ನೋಡಿದರು.

"ಇವು ಎಲ್ಲಾ ಎಡಗೈವು ಅವಲ್ರಿ?"

"ಹೌದ್ರಿ ಸರ್. ಬೇಕಾಗಿದ್ದೇ ಎಡಗೈವು."

"ಮೋಸ ಹೋಗೀರಿ ನೀವು. ಚಪ್ಪಲ್ ತರಾಕ ಹೋದ್ರ ಒಂದೇ ಕಾಲಿನ್ದು ತಗೊಂಡ್ ಬರ್ತೀರೇನು?"

ನಾನು ಅರ್ಧ ಗಂಟೆ ವಿವರಿಸಿದೆ. ಮೇಜಿನ ಮೇಲಿದ್ದ ಪೇಪರ್ ವೇಟು ಎಸೆದು, ಹಿಡಿದು ತೋರಿಸಿದೆ. ಅವರು ಎಲ್ಲವನ್ನೂ ತಾಳ್ಮೆಯಿಂದ ನೋಡಿ, ಅಂಗಡಿಯವನಿಗೆ ಕಟುವಾದ ಒಂದು ಕಾಗದ ಬರೆದರು. ಉಳಿದ ಹನ್ನೆರಡು ಬಲಗೈಗಳನ್ನು ತಕ್ಷಣ ಕಳಿಸತಕ್ಕದ್ದು. ಅಂಗಡಿಯವನು ಹೆದರಿದನೋ, ನಕ್ಕನೋ, ಎಡಗೈಯಿಂದ ಎಸೆಯುವವರಿಗೆಂದು ಮಾಡಿದ ಹನ್ನೆರಡು ಬಲಗೈ ಗ್ಲೌಸು ಕಳಿಸಿಯೇಬಿಟ್ಟ.

"ಈಗ ಬರೋಬ್ಬರ್ ಆಯ್ತು ನೋಡ್ರಿ" ಎಂದ ಪ್ರಿನ್ಸಿಪಾಲರು, ತಮ್ಮ ಕೈಯಾರೆ ಪ್ರತಿಯೊಬ್ಬ ಹುಡುಗಿಗೂ ಜೋಡಿ ಜೋಡಿ ಹಂಚಿ, ಎರಡೂ ಕೈಗೆ ಹಾಕಿಸಿ ಮೈದಾನಕ್ಕೆ ಕಳಿಸಿದರು. ಮೊದಲನೆಯ ಚೆಂಡನ್ನು ಹಿಡಿದ ಹುಡುಗಿ, ಒಲೆಯಿಂದ ಬಿಸಿ ಪಾತ್ರೆ ಇಳಿಸಿಕೊಂಡು ಬಂದ ಹಾಗೆ ಎರಡೂ ಕೈ ಮುಂದೆ ಚಾಚಿ ನನ್ನ ಹತ್ತಿರ ನಡೆದು ಬಂದಳು. "ಹಿಡದೀನ್ರಿ ಸರ್. ಈಗ ಹ್ಯಾಂಗ ಬಿಡ್ಲಿ?" ಎಂದಳು.

ಆ ದಿನ ತೆಗೆದ ಫೋಟೋ ಇವತ್ತಿಗೂ ಆಫೀಸಿನ ಗೋಡೆಯ ಮೇಲಿದೆ. ಹನ್ನೆರಡು ಹುಡುಗಿಯರು, ಇಪ್ಪತ್ತನಾಲ್ಕು ಗ್ಲೌಸು, ನಡುವೆ ನಗುತ್ತಿರುವ ಪ್ರಿನ್ಸಿಪಾಲರು. ಚೆಂಡು ಮಾತ್ರ ನೆಲದ ಮೇಲೆ ಬಿದ್ದಿದೆ.

೩. ಪೂಜೆಗೆ ಕೂತ ಪ್ಲೇಟು

ಈ ಆಟದ ಲೆಕ್ಕ ಸುಲಭ. ಹೊಡೆಯುವವಳು ನಿಲ್ಲುವ ಜಾಗದಲ್ಲಿ ಐದು ಮೂಲೆಯ ಬಿಳಿ ರಬ್ಬರಿನ ಒಂದು ಪ್ಲೇಟನ್ನು ನೆಲಕ್ಕೆ ಹುಗಿದಿರುತ್ತಾರೆ. ಚೆಂಡು ಹೊಡೆದವಳು ಮೂರು ಬೇಸುಗಳನ್ನು ಸುತ್ತಿ ಬಂದು ಮತ್ತೆ ಆ ಪ್ಲೇಟು ಮುಟ್ಟಿದರೆ ಒಂದು ರನ್ನು. ನಾನು ನಮ್ಮ ಮೈದಾನದ ಕೆಂಪು ಮೊರಮು ಮಣ್ಣಿನಲ್ಲಿ ಪ್ಲೇಟು ಹುಗಿದು, ಸುತ್ತ ಸುಣ್ಣದ ಗೆರೆ ಎಳೆದು ಮನೆಗೆ ಹೋದೆ.

ಮೈದಾನದ ಪಕ್ಕದಲ್ಲಿ ಒಬ್ಬ ಮುದುಕಿಯ ಮನೆ. ಊರೆಲ್ಲ ಅವಳನ್ನು ಆಯಿ ಎನ್ನುತ್ತದೆ. ಅವಳ ಎರಡು ಎಮ್ಮೆಗಳು ದಿನಾ ಹನ್ನೊಂದು ಗಂಟೆಗೆ ನಮ್ಮ ಮೈದಾನದ ನಡುವೆಯೇ ಹಾದು ನೀರಿಗೆ ಹೋಗುತ್ತವೆ. ಆಟ ನಿಲ್ಲಿಸಿ ಅವಕ್ಕೆ ದಾರಿ ಬಿಡುವುದು ನಮ್ಮ ನಿಯಮ. ಹಾರನ್ ಹೊಡೆದರೂ ಬಸ್ಸಿಗೆ ದಾರಿ ಬಿಡದ ಎಮ್ಮೆಗಳು ನನ್ನ ಸಿಳ್ಳೆಗೆ ಬಿಡುತ್ತವೆಯೇ?

ಮೂರನೆಯ ದಿನ ಬಂದು ನೋಡಿದರೆ ಪ್ಲೇಟಿನ ಮೇಲೆ ಅರಿಶಿಣ, ಕುಂಕುಮ, ಒಂದು ದಾಸವಾಳ. ನೆತ್ತಿಗೆ ಪಿತ್ತ ಏರಿತು.

"ಆಯಿ, ಯಾಕ ಹಿಂಗ ಮಾಡಿದಿ? ಇದು ರಬ್ಬರ್ ಅದ, ರಬ್ಬರ್!"

ಅವಳು ಅಷ್ಟೇ ತಣ್ಣಗೆ ಹೇಳಿದಳು. "ನಂಗೇನ್ ಕಣ್ಣಿಲ್ಲೇನು? ಸುತ್ತ ಸುಣ್ಣ ಹಾಕೀರಿ. ಒಬ್ಬಾಕಿ ಅದ್ರ ಮುಂದ ಕುಕ್ಕರಗಾಲಿಲೆ ಕುಂದರ್ತಾಳ. ಅಕಿ ಹಿಂದ ನೀವ ಬಗ್ಗಿ ನಿಂದರ್ತೀರಿ. ಉಳದ ಹುಡುಗ್ಯಾರು ಒಬ್ಬೊಬ್ಬರ ಸುತ್ತ ಹಾಕಿ ಬಂದು ಅದನ್ನ ಮುಟ್ತಾರ. ಇದು ದೇವ್ರಲ್ಲಂದ್ರ ಮತ್ತೇನ್ರಿ?"

ಹಿಂದೆ ನಿಂತಿದ್ದ ಹುಡುಗಿಯರು "ಹೌದಲ್ಲ" ಎಂದು ಒಬ್ಬರ ಮುಖ ಒಬ್ಬರು ನೋಡಿದರು. ನನ್ನ ಗ್ರಹಚಾರ ಅಲ್ಲಿಂದ ಶುರುವಾಯಿತು. ಮರುದಿನದಿಂದ ಒಬ್ಬಳೂ ಪ್ಲೇಟಿನ ಮೇಲೆ ಕಾಲಿಡಲಿಲ್ಲ. ಮೂರನೆಯ ಬೇಸಿನಿಂದ ಗಾಳಿಯ ಹಾಗೆ ಓಡಿ ಬರುವುದು, ಪ್ಲೇಟಿನ ಮುಂದೆ ಗಕ್ಕನೆ ನಿಲ್ಲುವುದು, ಬೂಟಿನ ಲೇಸು ಬಿಚ್ಚುವುದು. ಅಷ್ಟರಲ್ಲಿ ಚೆಂಡು ಬಂದು ಔಟು.

ನಾನು ಸೋಡಾ ಪುಡಿ ಹಾಕಿ, ಬ್ರಷ್ಷಿನಿಂದ ಉಜ್ಜಿ ತೊಳೆದೆ. ಸಂಜೆಗೆ ಮತ್ತೆ ಅರಿಶಿಣ. ಮತ್ತೆ ಉಜ್ಜಿದೆ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಹನ್ನೊಂದು ವರ್ಷ ಉಜ್ಜಿದ್ದೇನೆ. ಆ ಮೊದಲ ವರ್ಷವೇ ನಿಯಮದ ಪುಸ್ತಕ ತೆರೆದು, ಕಾಲೇ ಇಡಬೇಕೆಂದಿಲ್ಲ, ಕೈಯಿಂದ ಮುಟ್ಟಿದರೂ ರನ್ನು ಸಿಗುತ್ತದೆ ಎಂದು ಹುಡುಗಿಯರಿಗೆ ತೋರಿಸಿದೆ. ಆಗ ಎಲ್ಲರಿಗೂ ಸಮಾಧಾನವಾಯಿತು. ಆವತ್ತಿನಿಂದ ನಮ್ಮ ತಂಡದಲ್ಲಿ ಹೊಸಬರು ಬಂದರೂ ಹಳಬರು ಹೋದರೂ ಪದ್ಧತಿ ಮಾತ್ರ ಒಂದೇ. ಓಡಿ ಬಂದು, ಉದ್ದಕ್ಕೆ ಬಿದ್ದು, ಪ್ಲೇಟು ಮುಟ್ಟಿ, ಬೆರಳು ಕಣ್ಣಿಗೆ ಒತ್ತಿಕೊಳ್ಳುವುದು.

ಒಮ್ಮೆ ಬೇರೆ ಊರಿನಲ್ಲಿ ಇದನ್ನು ನೋಡಿದ ಒಬ್ಬ ದೊಡ್ಡ ಕೋಚು ನನ್ನ ಬೆನ್ನು ತಟ್ಟಿ, ಇಷ್ಟು ಧೈರ್ಯವಾಗಿ ತಲೆ ಮುಂದೆ ಮಾಡಿ ಬೀಳುವುದನ್ನು ಹೇಗೆ ಕಲಿಸಿದಿರಿ ಎಂದು ಕೇಳಿದರು. ಬಹಳ ಕಷ್ಟಪಟ್ಟೆ ಸರ್, ಎಂದೆ.

೪. ಒಂದೂ ಕುಂಟಲಿಲ್ಲ

ಮುಡಬಿಯ ಹುಡುಗಿ ಸಿಕ್ಕಿದ್ದು ಮೂರು ವರ್ಷದ ಹಿಂದೆ. ಕಾಲೇಜಿನ ತೋಟಕ್ಕೆ ಒಂದು ಆಡು ನುಗ್ಗುತ್ತಿತ್ತು. ಅವಳು ಬಸ್ಸಿಗೆ ಕಾಯುತ್ತಾ ದೂರದ ಗೇಟಿನ ಹತ್ತಿರ ನಿಂತಿದ್ದಳು. ನಿಂತಲ್ಲಿಂದಲೇ ಒಂದು ಹರಳು ಎತ್ತಿ ಬೀಸಿದಳು. ಅದು ಆಡಿನ ಮೂತಿಯ ಒಂದು ಗೇಣು ಮುಂದೆ ಟಪ್ ಎಂದು ಬಿತ್ತು. ಆಡು ಹಾಗೇ ತಿರುಗಿ ಹೋಯಿತು. ನನಗೆ ಬಂಗಾರದ ಗಣಿ ಸಿಕ್ಕಷ್ಟು ಖುಷಿಯಾಯಿತು. ಆ ಖುಷಿ ಮರುದಿನ ಬೆಳಿಗ್ಗೆಯವರೆಗೆ ಇತ್ತು.

ಎಸೆಯುವವಳ ಚೆಂಡು ಹೊಡೆಯುವವಳ ಮುಂದೆ, ಪ್ಲೇಟಿನ ಮೇಲೆ ಹಾದು, ಹಿಂದೆ ಕೂತ ಕ್ಯಾಚರ್‌ಳ ಗ್ಲೌಸಿಗೆ ಬೀಳಬೇಕು. ಇವಳು ಎಸೆದ ಒಂದೊಂದು ಚೆಂಡೂ ಹೊಡೆಯುವವಳ ಕಾಲಿನ ಒಂದು ಗೇಣು ಮುಂದೆ ಬೀಳುತ್ತಿತ್ತು. ಹತ್ತು ಚೆಂಡಿಗೆ ಹತ್ತೂ ಅಲ್ಲೇ.

"ಏ, ನೇರ ಹಾಕವಾ!"

"ತಾಕ್ತದ್ರಿ ಸರ್."

"ತಾಕೂದಿಲ್ಲ, ಅಕಿ ಬಾಜೂಕ ನಿಂತಾಳ."

"ಇಲ್ರಿ. ಕಲ್ಲು ಕುರಿಗಿ ತಾಕಬಾರ್ದು, ಅದ್ರ ಮುಂದ ಬೀಳಬೇಕಂತ ನಮ್ಮಪ್ಪ ಸಣ್ಣಾಕಿ ಇದ್ದಾಗಿಂದ ಕಲಿಸ್ಯಾನ್ರಿ. ತಾಕಿದ್ರ ಕುಂಟ್ತದ."

"ಅದು ಕುರಿ ಅಲ್ಲ, ನಿನ್ನ ಗೆಳತಿ!"

"ಗೆಳತಿಗಂತೂ ಹೊಡೀಲೇಬಾರ್ದಲ್ರಿ?"

ಈ ಆಟದಲ್ಲಿ ನಾಲ್ಕು ಸಲ ತಪ್ಪಾಗಿ ಎಸೆದರೆ ಎದುರಾಳಿ ಪುಕ್ಕಟೆಯಾಗಿ ಒಂದನೇ ಬೇಸಿಗೆ ನಡೆದು ಹೋಗಬಹುದು. ಅವಳ ಮೊದಲ ಪಂದ್ಯದಲ್ಲಿ ಎದುರಾಳಿಗಳು ಬ್ಯಾಟು ಎತ್ತುವ ತೊಂದರೆಯನ್ನೇ ತೆಗೆದುಕೊಳ್ಳಲಿಲ್ಲ. ನಮ್ಮ ಹುಡುಗಿ ಅವರ ಇಡೀ ತಂಡವನ್ನು ಒಂದು ಹಿಂಡಿನ ಹಾಗೆ ಒಬ್ಬರ ಹಿಂದೆ ಒಬ್ಬರನ್ನು ಮೈದಾನ ಸುತ್ತಿಸಿ ಪ್ಲೇಟಿಗೆ ಮುಟ್ಟಿಸಿದಳು. ಒಂದೂ ಕುಂಟಲಿಲ್ಲ.

ನಾನು ಆ ರಾತ್ರಿ ಊಟ ಮಾಡಲಿಲ್ಲ. ಮರುದಿನ ಅವಳನ್ನು ಕೂರಿಸಿಕೊಂಡು ಕೇಳಿದೆ. "ಜ್ವಾಳದ ಹೊಲದಾಗ ಹಕ್ಕಿ ಬಂದ್ರ ಏನ್ ಮಾಡ್ತಿ?"

"ಅದಕ್ಕ ನೇರ ಹೊಡೀತೀನ್ರಿ. ತೆನಿ ತಿಂತದಲ್ರಿ ಅದು."

"ಹಂಗಾದ್ರ ಕ್ಯಾಚರ್ ಗ್ಲೌಸಿನಾಗ ಒಂದು ಹಕ್ಕಿ ಕುಂತು ಜ್ವಾಳ ತಿನ್ನಾಕತ್ತದ ಅಂತ ತಿಳ್ಕೊ."

ಅವಳ ಮುಖವೇ ಬದಲಾಯಿತು. "ಹೋಯ್ ಹಾ!" ಎಂದು ಕೂಗಿ ಎಸೆದ ಚೆಂಡು ಗ್ಲೌಸಿಗೆ ಬಡಿದ ಸದ್ದಿಗೆ ಮರದ ಮೇಲಿದ್ದ ನಿಜವಾದ ಹಕ್ಕಿಗಳೂ ಹಾರಿ ಹೋದವು. ಎರಡನೆಯದೂ ಹಾಗೇ. ಮೂರನೆಯದೂ ಹಾಗೇ. ನಾನು ಕುಣಿಯುವುದೊಂದು ಬಾಕಿ.

ಐದನೆಯ ಚೆಂಡಿಗೆ ಹುಮನಾಬಾದಿನ ಕ್ಯಾಚರ್ ಹುಡುಗಿ ಮುಖಕ್ಕೆ ಹಾಕಿದ್ದ ಜಾಲರಿ ತೆಗೆದು, ಕೈ ಜಾಡಿಸಿಕೊಳ್ಳುತ್ತಾ ಎದ್ದು ನಿಂತಳು. "ಸರ್, ಹೊಟ್ಟಿ ತುಂಬ್ತಂತ ಹೇಳ್ರಿ ಅಕಿಗಿ. ಹಕ್ಕಿ ಹಾರಿ ಹೋಯ್ತಂತ ಹೇಳ್ರಿ."

೫. ಎರಡು ಚೀಲ ತೊಗರಿ

ಕೊಡಂಬಲದ ಒಬ್ಬ ಹುಡುಗಿ, ಮನೆಯಲ್ಲಿ ಅಭ್ಯಾಸ ಮಾಡುತ್ತೇನೆ ಎಂದು ನಮ್ಮ ಅತಿ ಒಳ್ಳೆಯ ಬ್ಯಾಟು ಕೇಳಿದಳು. ಕೊಟ್ಟೆ. ಹತ್ತು ದಿನ ಬಿಟ್ಟು ತಂದಳು. ಬ್ಯಾಟಿನ ಮೈಯೆಲ್ಲ ಕಚ್ಚು, ಸಂದಿಯಲ್ಲಿ ತೊಗರಿ ಹೊಟ್ಟು.

"ಏನಿದು?"

"ರಾಶಿ ಇತ್ರಿ ಸರ್. ಬಡಿಗಿ ಮುರದಿತ್ತು. ನಮ್ಮವ್ವ ಇದ್ರಲೇ ತೊಗರಿ ಬಡದ್ಲು. ನಾನೂ ಬಡದ್ನಿ. ಎರಡ್ ಚೀಲ ಆಯ್ತ್ರಿ."

ಬೈಯಲು ಬಾಯಿ ತೆರೆದೆ. ಅಷ್ಟರಲ್ಲಿ ಅವಳು ಒಂದು ಸೇರು ಹೊಸ ತೊಗರಿಬೇಳೆಯ ಪೊಟ್ಟಣ ನನ್ನ ಕೈಗಿಟ್ಟಳು. ಬಾಯಿ ಮುಚ್ಚಿಕೊಂಡೆ.

ಆದರೆ ಹತ್ತು ದಿನ ತೊಗರಿ ಬಡಿದ ತೋಳಿಗೆ ಅದೇ ರೂಢಿಯಾಗಿ ಹೋಯಿತು. ಚೆಂಡು ಹೇಗೇ ಬರಲಿ, ಎಲ್ಲೇ ಬರಲಿ, ಅವಳು ಬ್ಯಾಟು ತಲೆಯ ಮೇಲಿಂದ ಎತ್ತಿ ನೆಲಕ್ಕೇ ಬಡಿಯುತ್ತಿದ್ದಳು. ಚೆಂಡು ಗಟ್ಟಿ ಮೊರಮಿಗೆ ಅಪ್ಪಳಿಸಿ ತೆಂಗಿನ ಮರದೆತ್ತರ ನೆಗೆದು, ಎಸೆದವಳ ಹತ್ತಿರವೇ ಬೀಳುತ್ತಿತ್ತು. ಅಡ್ಡ ಬೀಸು, ಅಡ್ಡ ಬೀಸು ಎಂದು ಗಂಟಲು ಹರಿದುಕೊಂಡೆ. ಒಂದು ವರ್ಷ ಹೇಳಿದೆ. ಕೊನೆಗೆ ಅವಳ ತಾಯಿಯನ್ನೇ ಕರೆಸಿ, ನಿಮ್ಮ ಮಗಳ ಹೊಡೆತ ಕೆಟ್ಟು ಹೋಗಿದೆ ನೋಡಿ ಎಂದು ತೋರಿಸಿದೆ.

ತಾಯಿ ಸೊಂಟದ ಮೇಲೆ ಕೈಯಿಟ್ಟು ಗಮನವಿಟ್ಟು ನೋಡಿದಳು. ಮಗಳು ಮತ್ತೊಮ್ಮೆ ನೆಲಕ್ಕೆ ಬಡಿದಳು.

"ಖರೇನ ಕೆಟ್ಟದ ನೋಡ್ರಿ ಸರ್" ಎಂದಳು ತಾಯಿ. "ಹಿಂಗ ಬಡದ್ರ ಬ್ಯಾಳಿ ಒಡೀತಾವ."

೬. ಹಾರ ಬಾಡ್ತಾವ

ಇದು ಸಣ್ಣದು. ಎರಡು ವರ್ಷದ ಹಿಂದೆ ನಾವು ಬೇರೆ ಊರಿನಲ್ಲಿ ಹೀನಾಯವಾಗಿ ಸೋತು, ತಲೆ ತಗ್ಗಿಸಿಕೊಂಡು ಬಸ್ಸಿನಿಂದ ಇಳಿದೆವು. ಸ್ಟ್ಯಾಂಡಿನಲ್ಲಿ ಬ್ಯಾಂಡು. ಹೊಸ ಪ್ರಿನ್ಸಿಪಾಲರು ಹನ್ನೆರಡು ಹಾರ ಹಿಡಿದುಕೊಂಡು ನಿಂತಿದ್ದರು. ನಾನು ಓಡಿ ಹೋಗಿ ಅವರ ಕಿವಿಯಲ್ಲಿ ಹೇಳಿದೆ.

"ಸರ್, ಸೋತೀವಿ."

"ಗೊತ್ತದ್ರಿ. ಫೋನ್ ಬಂದಿತ್ತು."

"ಮತ್ತ ಹಾರ ಯಾಕ್ರಿ?"

"ಹಾರ ನಿನ್ನೇನ ಹೇಳಿಟ್ಟಿದ್ನಿ. ನೀವ ಸೋತೀರಿ ಅಂತ ಹೂವು ಬಾಡೂದು ಬಿಡ್ತಾವೇನು?"

೭. ಕೊಡ ನೀರು

ಇನ್ನು ಹೋದ ವರ್ಷದ ಆ ಪಂದ್ಯ. ಗಡಿಯಾಚೆಯ ಮರಾಠಿ ಸೀಮೆಯ ವಿಶ್ವವಿದ್ಯಾಲಯದ ತಂಡ ನಮ್ಮ ಮೈದಾನಕ್ಕೇ ಬಂದಿತ್ತು. ವರ್ಷದ ಕೊನೆಯ ಪಂದ್ಯ. ಇದನ್ನು ಸೋತರೆ ಆಟ ಪಟ್ಟಿಯಿಂದ ಹೊರಗೆ, ಮುಡಬಿಯ ಹುಡುಗಿಯ ಸೀಟಿನ ಕಥೆಯೂ ಮುಗಿಯಿತು. ನೋಡಲು ವಿಶ್ವವಿದ್ಯಾಲಯದ ಒಬ್ಬ ಅಧಿಕಾರಿ ಬೇರೆ ಬರುವವರಿದ್ದರು.

ಬೆಳಗಿನ ಜಾವಕ್ಕೇ ಮೈದಾನಕ್ಕೆ ಹೋದೆ. ಪ್ಲೇಟಿನ ಮೇಲೆ ಎಂದಿನ ಅರಿಶಿಣ. ಅಧಿಕಾರಿ ನೋಡಿದರೆ ಮರ್ಯಾದೆ ಏನಾಗಬೇಕು? ಆದರೆ ಅವತ್ತು ನಾನು ಇಸ್ತ್ರಿ ಮಾಡಿದ ಬಿಳಿ ಅಂಗಿ, ಬಿಳಿ ಪ್ಯಾಂಟು ಹಾಕಿದ್ದೆ. ಮಂಡಿಯೂರಿ ಉಜ್ಜಿದರೆ ಕೆಂಪು ಮಣ್ಣು ಮೆತ್ತಿಕೊಳ್ಳುತ್ತದೆ. ಬೂಟು ಒದ್ದೆಯಾಗಬಾರದೆಂದು ಅದನ್ನೂ ದೂರ ಬಿಚ್ಚಿಟ್ಟು, ತುಂಬಿದ ಕೊಡ ಎತ್ತಿ, ಸಿಡಿಯದ ಹಾಗೆ ನಿಧಾನವಾಗಿ ಪ್ಲೇಟಿನ ಮೇಲೆ ಸುರಿದೆ. ಚೊಕ್ಕ ಬಿಳಿಯಾಯಿತು.

ಪಂದ್ಯ ಶುರುವಾಯಿತು. ಮುಡಬಿಯ ಹುಡುಗಿ ಆವತ್ತು ಊರಿನ ಹಕ್ಕಿಯನ್ನೆಲ್ಲ ಓಡಿಸುವ ಹಾಗೆ ಎಸೆದಳು. ನಮ್ಮ ಹೊಡೆತ ಮಾತ್ರ ಯಥಾಪ್ರಕಾರ. ಹಾಗೂ ಹೀಗೂ ಜಗ್ಗಾಡಿ, ಕೊನೆಯ ಸರದಿಗೆ ಬರುವಾಗ ಎರಡೂ ಕಡೆ ರನ್ನು ಸಮ ಸಮ. ಇನ್ನು ಆಡುವವರು ನಾವು. ಒಂದು ರನ್ನು ಬಂದರೆ ಗೆದ್ದೆವು. ಹನ್ನೊಂದು ವರ್ಷ ಈ ಆಟ ಯಾವಾಗ ತೊಲಗುತ್ತದೋ ಎಂದು ಶಪಿಸಿದವನು, ಅವತ್ತು ಇದು ಉಳಿಯಲಪ್ಪಾ ಎಂದು ಉಗುರು ಕಚ್ಚುತ್ತಿದ್ದೆ.

ಸರಿಯಾಗಿ ಆಗ ಹನ್ನೊಂದು ಗಂಟೆಯಾಯಿತು. ಎಮ್ಮೆಗಳು ಬಂದವು.

ಅಂಪೈರು ಆಟ ನಿಲ್ಲಿಸಿದರು. ಮರಾಠಿ ತಂಡದ ಕೋಚು ತಲೆಯ ಮೇಲೆ ಕೈ ಹೊತ್ತು ಕೂತರು. ಅಧಿಕಾರಿಗಳು "ಇದು ದಿನಾ ಹಿಂಗೇ ಏನ್ರಿ?" ಎಂದು ಕೇಳಿದರು. ಅವರಿಗೆ ಉತ್ತರ ಹೇಳುವ ಗಡಿಬಿಡಿಯಲ್ಲಿ ನಾನು ಎಮ್ಮೆಗಳ ಹಿಂದೆ ಯಾರು ಬಂದರು, ಏನು ಮಾಡಿದರು ಎಂದು ನೋಡಲಿಲ್ಲ. ಧೂಳು ಇಳಿಯಿತು. ಆಟ ಮತ್ತೆ ಶುರುವಾಯಿತು.

ಹೇಗೋ ಏನೋ, ನಮ್ಮ ಮೂವರು ಮೂರೂ ಬೇಸಿನ ಮೇಲೆ ಬಂದು ನಿಂತರು. ಮೂರನೆಯ ಬೇಸಿನ ಮೇಲೆ ಮುಡಬಿಯ ಹುಡುಗಿ. ಹೊಡೆಯಲು ಬಂದವಳು ಯಾರು? ಕೊಡಂಬಲದ ತೊಗರಿ! ನಾನು ಕಣ್ಣು ಮುಚ್ಚಿಕೊಂಡೆ. ಮೂರೂ ಬೇಸು ತುಂಬಿರುವಾಗ ನಿಯಮ ಸುಲಭವಾಗಿರುತ್ತದೆ. ಎದುರಾಳಿ ಕ್ಯಾಚರ್ ಚೆಂಡು ಹಿಡಿದು ಪ್ಲೇಟಿನ ಮೇಲೆ ಸುಮ್ಮನೆ ಒಂದು ಕಾಲಿಟ್ಟರೆ ಸಾಕು, ಮೂರನೆಯ ಬೇಸಿನಿಂದ ಓಡಿ ಬರುವವಳು ಔಟು.

"ಅಡ್ಡ ಬೀಸು!" ಎಂದು ಕೂಗಿದೆ. ಅವಳು ತಲೆಯ ಮೇಲಿಂದ ಎತ್ತಿ ನೆಲಕ್ಕೆ ಬಡಿದಳು. ಚೆಂಡು ಮೊರಮಿಗೆ ಬಡಿದು ಆಕಾಶಕ್ಕೆ ಹಾರಿತು. ಮುಡಬಿಯವಳು ಓಟ ಕಿತ್ತಳು. ಚೆಂಡು ಇಳಿಯಿತು, ಎಸೆಯುವವಳ ಕೈಗೆ ಬಿತ್ತು, ಅವಳು ಕ್ಯಾಚರ್‌ಗೆ ಎಸೆದಳು. ಕ್ಯಾಚರ್ ಹಿಡಿದೂಬಿಟ್ಟಳು. ನಮ್ಮವಳು ಇನ್ನೂ ನಾಲ್ಕು ಹೆಜ್ಜೆ ದೂರದಲ್ಲಿದ್ದಳು. ಮುಗಿಯಿತು ಎಂದುಕೊಂಡೆ.

ಆ ಕ್ಯಾಚರ್ ಹುಡುಗಿ ಚೆಂಡು ಹಿಡಿದು, ಪ್ಲೇಟಿನ ಮೇಲೆ ಇಡಲು ಕಾಲೆತ್ತಿದಳು. ಇಷ್ಟು ಹೊತ್ತು ಚೆಂಡಿನ ಮೇಲೇ ಕಣ್ಣಿದ್ದವಳು ಆಗ ಕೆಳಗೆ ನೋಡಿದಳು. ಹಸಿ ಹಸಿ ಅರಿಶಿಣ, ಕುಂಕುಮ, ನಡುವೆ ಒಂದು ದಾಸವಾಳ, ಪಕ್ಕದಲ್ಲಿ ಹೊಗೆಯಾಡುವ ಊದುಬತ್ತಿ. ಎತ್ತಿದ ಕಾಲು ಎತ್ತಿದ ಹಾಗೇ ನಿಂತಿತು.

"ಪಾಯ ಠೇವ! ಪಾಯ ಠೇವ!" ಕಾಲಿಡು, ಕಾಲಿಡು ಎಂದು ಅವರ ಕೋಚು ಅರಚಿದರು.

"ದೇವ ಆಹೇ, ಸರ್!" ಎಂದಳು ಹುಡುಗಿ ಒಂಟಿಕಾಲಲ್ಲಿ ನಿಂತು, ಅಳುವ ದನಿಯಲ್ಲಿ. "ಕಸಾ ಠೇವೂ?" ದೇವರಿದೆ, ಹೇಗಿಡಲಿ?

ಅಷ್ಟರಲ್ಲಿ ನಮ್ಮವಳು ಉದ್ದಕ್ಕೆ ಬಿದ್ದು, ಪ್ಲೇಟು ಮುಟ್ಟಿ, ಬೆರಳು ಕಣ್ಣಿಗೆ ಒತ್ತಿಕೊಂಡಾಗಿತ್ತು. ರನ್ನು!

ಮರಾಠಿ ಕೋಚು ಸಿಟ್ಟಿನಿಂದ ಓಡಿ ಬಂದು ಅಂಪೈರಿನ ಜೊತೆ ವಾದಕ್ಕೆ ನಿಂತರು. ಹುಡುಗಿಗೆ ನಾಚಿಕೆಯಾಗಬೇಕು, ಕಾಲಿಟ್ಟಿದ್ದರೆ ಏನಾಗುತ್ತಿತ್ತು ಎಂದು ಹತ್ತು ನಿಮಿಷ ಕೂಗಾಡಿದರು. ಅಂಪೈರು ಎಲ್ಲ ಕೇಳಿಸಿಕೊಂಡು, "ನೀವು ಇಟ್ಟು ತೋರಸ್ರಿ" ಎಂದರು. ಕೋಚು ಪ್ಲೇಟನ್ನು ನೋಡಿದರು. ಅರಚಾಡುವಾಗಲೂ ಅವರು ಅದಕ್ಕೆ ಎರಡು ಮಾರು ಸುತ್ತು ಹಾಕಿಕೊಂಡೇ ಬಂದಿದ್ದನ್ನು ನಾವೆಲ್ಲ ನೋಡಿದ್ದೆವು. ಸುಮ್ಮನೆ ತಿರುಗಿ ಹೋದರು, ಹೋಗುವಾಗ ಒಂದು ಕೈ ಎದೆಗೆ ಮುಟ್ಟಿಸಿಕೊಂಡರು.

ಗೆದ್ದೆವು. ಹುಡುಗಿಯರು ಕುಣಿದರು, ಮುಡಬಿಯವಳು ಅತ್ತಳು, ನಾನೂ ಅತ್ತೆ. ಆಟ ಪಟ್ಟಿಯಲ್ಲಿ ಉಳಿಯಿತು. ಅವಳಿಗೆ ಸರ್ಟಿಫಿಕೇಟು ಬಂತು, ಈ ವರ್ಷ ಸೀಟೂ ಸಿಕ್ಕಿತು. ಇನ್ನೊಂದೆರಡು ವರ್ಷಕ್ಕೆ ಅವಳಿಗೂ ಬಿ.ಪಿ. ಶುರುವಾಗುತ್ತದೆ, ಪಾಪ.

ಅವತ್ತು ಎಲ್ಲರೂ ಹೋದ ಮೇಲೆ ನಾನು ಆಯಿಯ ಮನೆಗೆ ಹೋದೆ. ಬೈಯಬೇಕೋ ಕೈ ಮುಗಿಯಬೇಕೋ ತಿಳಿಯುತ್ತಿರಲಿಲ್ಲ. ಅವಳು ಎಮ್ಮೆ ಕಟ್ಟುತ್ತಿದ್ದಳು.

"ಆಯಿ, ಇವತ್ತೊಂದಿನ ಸುಮ್ಮನಿರಬಾರ್ದಿತ್ತಾ? ಬೆಳಿಗ್ಗೆ ನಾನೇ ತೊಳದಿದ್ನಲ್ಲಾ?"

"ಅದಕ್ಕಽ ಹಚ್ಚಿದ್ನಿ" ಎಂದಳು. "ಹೊತ್ತು ಮೂಡೂದ್ರಾಗ ನೀವ ಬಂದ್ರಿ. ಬಿಳಿ ಅರಿವಿ ಉಟ್ಟಿದ್ರಿ. ಬೂಟು ಬಿಚ್ಚಿ ದೂರ ಇಟ್ರಿ. ತುಂಬಿದ ಕೊಡ ಎತ್ತಿ ದೇವ್ರ ಮ್ಯಾಲ ಸಾವಕಾಶ ನೀರ್ ಹಾಕಿದ್ರಿ. ನಾ ಬಾಗಲ್ದಾಗ ನಿಂತು ನೋಡೀನಿ. ನೀವ ಜಳಕಾ ಮಾಡಿಸಿದ ಮ್ಯಾಗ ನಾ ಪೂಜಿ ಮಾಡದ ಬಿಡ್ಲೇನು? ಅರಿಶಿಣ ತೀರಿತ್ತು, ಬಜಾರಕ್ಕ ಹೋಗಿ ಬರೂದ್ರಾಗ ತಡಾ ಆಯ್ತು."

ಅವಳು ಹಗ್ಗದ ಗಂಟು ಬಿಗಿದು, ನನ್ನ ಕಡೆ ತಿರುಗಿ, ಸಣ್ಣ ಹುಡುಗನಿಗೆ ಹೇಳುವ ಹಾಗೆ ಹೇಳಿದಳು.

"ಹನ್ನೊಂದ್ ವರ್ಷ ಸಿಟ್ಟಿಲೆ ತಿಕ್ಕಿದ್ರಿ, ಸೋತ್ರಿ. ಒಂದ್ ದಿನ ಭಕ್ತಿಲೆ ಒಂದ್ ಕೊಡ ನೀರ್ ಹಾಕಿದ್ರಿ. ನೋಡ್ರಿ ಈಗ."